ರೋಸ್ಲಮ್ಮನ ಮುರಿದ ಕೈಯೂ ಜಡೆ ಬ್ರೆಡ್ಡೂ

ಪೀಣ್ಯ ಎರಡನೇ ಹಂತ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಹಿಮದ ಫೋಟೊ. ನಾನು ಹಿಮವನ್ನು ನೋಡಿದ್ದು ಕಾರ್ಖಾನೆಯ ಕಿಟಕಿಯಿಂದ, ಬಹಳ ದೂರದಲ್ಲಿ, ಅದೂ ಮೋಡವಿಲ್ಲದ ದಿನ ಮಾತ್ರ. ಹತ್ತಿರದಿಂದ ನೋಡಿದ ಬಿಳಿ ಪದಾರ್ಥವೆಂದರೆ ಮೈದಾ ಹಿಟ್ಟು. ಅದನ್ನು ಮೊಣಕೈವರೆಗೆ ಮೆತ್ತಿಕೊಂಡೇ ನಾನು ಆ ದೇಶವನ್ನು ಅರ್ಥ ಮಾಡಿಕೊಂಡದ್ದು.

ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವಳು. ತಯಾರಾಗಿ ಬಂದ ಗೇರ್‌ಗಳ ಹಲ್ಲು ಅಳೆದು, ಇದು ಪಾಸು, ಇದು ಫೇಲು ಎಂದು ಹೇಳಿ ಬೈಸಿಕೊಳ್ಳುವ ಕೆಲಸ. ತುಮಕೂರು ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ ನಮ್ಮ ಮಾಲೀಕರು ಸ್ವಿಟ್ಜರ್ಲೆಂಡಿನಿಂದ ಗೇರ್ ಹಲ್ಲುಗಳನ್ನು ಉಜ್ಜಿ ನಯ ಮಾಡುವ ಗ್ರೈಂಡಿಂಗ್ ಮೆಷಿನ್ ಒಂದನ್ನು ತರಿಸಲು ನಿರ್ಧರಿಸಿದರು. ಅದು ಹಡಗು ಹತ್ತುವ ಮೊದಲು ಯಾರಾದರೂ ಅಲ್ಲಿಗೇ ಹೋಗಿ, ಅದರ ಕೆಲಸ ಕಲಿತು, ಪರೀಕ್ಷಿಸಿ ಒಪ್ಪಿಗೆ ಕೊಟ್ಟು ಬರಬೇಕಿತ್ತು. ಹೊರಟು ನಿಂತಿದ್ದ ಮ್ಯಾನೇಜರಿಗೆ ಕಾಮಾಲೆ ಬಂತು. ಮೈಸೂರು ದಾಟಿ ಒಬ್ಬಳೇ ಎಲ್ಲಿಗೂ ಹೋಗಿರದ ನಾನು ಹೊರಡಬೇಕಾಯಿತು.

ರಾಜಗೋಪಾಲನಗರದ ನಮ್ಮ ಮನೆಯಲ್ಲಿ ಆಗ ಇದ್ದವರು ಮೂವರು. ಸರ್ಕಾರಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು, ಮಿಕ್ಸಿ, ಫ್ಯಾನು ಎಂದು ಮನೆಯ ಒಂದೊಂದೇ ಸಾಮಾನನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ ನನ್ನ ಗಂಡ ನಾಗರಾಜ್, ಅವರ ತಾಯಿ ಮತ್ತು ನಾನು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅತ್ತೆ ನನ್ನ ಸೂಟ್‌ಕೇಸಿಗೆ ಅವಲಕ್ಕಿ, ಹುರಿಹಿಟ್ಟು, ಒಂದು ದೊಡ್ಡ ಡಬ್ಬಿ ಚಟ್ನಿಪುಡಿ ತುಂಬಿದರು.

"ಕೇಕು ಗೀಕು ಮುಟ್ಬೇಡ ವಸಂತಾ. ಅವರು ಎಲ್ಲದಕ್ಕೂ ಮೊಟ್ಟೆ ಹಾಕ್ತಾರಂತೆ. ಬರೀ ಬ್ರೆಡ್ ತಿಂದ್ಕೊಂಡಿರು, ಅದು ಸೇಫು."

ಅರ್ಧ ರೈಲು

ಜ್ಯೂರಿಕ್‌ನಲ್ಲಿ ಇಳಿದು, ನಾನು ಹೋಗಬೇಕಿದ್ದ ಎಮೆಂಟಾಲ್ ಕಣಿವೆಯ ರೈಲನ್ನು ಸರಿಯಾಗಿಯೇ ಹತ್ತಿದೆ. ಆದರೆ ಆ ದೇಶದಲ್ಲಿ ಕೆಲವು ರೈಲುಗಳು ನಡುದಾರಿಯಲ್ಲಿ ಎರಡು ಭಾಗವಾಗಿ, ಮುಂದಿನ ಅರ್ಧ ಒಂದು ಕಡೆಗೂ ಹಿಂದಿನ ಅರ್ಧ ಇನ್ನೊಂದು ಕಡೆಗೂ ಹೋಗುತ್ತವೆ ಎಂಬ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೋ ಏನೋ, ಧ್ವನಿವರ್ಧಕದಲ್ಲಿ ಜರ್ಮನ್‌ನಲ್ಲಿ ಹೇಳಿರಬೇಕು. ನಾನು ತಪ್ಪು ಅರ್ಧದಲ್ಲಿ ಕುಳಿತು, ಹಸುಗಳನ್ನು ನೋಡುತ್ತಾ ಹಾಯಾಗಿ ಬೇರೆ ಊರು ತಲುಪಿದೆ.

ಸ್ಟೇಷನ್ನಿನಲ್ಲಿದ್ದ ಹೆಂಗಸೊಬ್ಬರು ನನ್ನ ಕೈಯಲ್ಲಿದ್ದ ವಿಳಾಸದ ಚೀಟಿ ನೋಡಿ, ತಲೆಯಾಡಿಸಿ, "ನೈ, ನೈ" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ! ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸುವ ಬಾಷಾ ಸಾಬರೂ 'ಇಲ್ಲ' ಎನ್ನಲು ಹೀಗೆಯೇ "ನೈ" ಎನ್ನುತ್ತಾರೆ. ಎಮೆಂಟಾಲಿನ ಭಾಷೆಯಲ್ಲಿ ನನಗೆ ಮೊದಲೇ ಬರುತ್ತಿದ್ದ ಪದ ಇದೊಂದೇ.

ಸಂಜೆಯ ಹೊತ್ತಿಗೆ ಸರಿಯಾದ ಊರು ಮುಟ್ಟಿದಾಗ ಊಲಿ ಕಾದು ನಿಂತಿದ್ದ. ಮೆಷಿನ್ ಕಂಪನಿಯಲ್ಲಿ ನನಗೆ ಕೆಲಸ ಕಲಿಸಬೇಕಿದ್ದ ಎಂಜಿನಿಯರ್ ಆತ. ಮೂವತ್ತೈದರ ಆಸುಪಾಸು, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಬೆಳಿಗ್ಗೆ ಹಸುಗಳ ಹಾಲು ಕರೆದು, ಆಮೇಲೆ ಕಾರ್ಖಾನೆಗೆ ಬಂದು ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಉಜ್ಜುತ್ತಿದ್ದ. ಹಳ್ಳಿಯಲ್ಲಿ ಹೋಟೆಲ್ ಇರಲಿಲ್ಲವಾದ್ದರಿಂದ ನನಗೆ ತನ್ನ ದೊಡ್ಡಮ್ಮನ ಮನೆಯಲ್ಲಿ ಕೋಣೆ ಗೊತ್ತುಮಾಡಿದ್ದ.

ದೊಡ್ಡಮ್ಮನ ಹೆಸರು ರೋಸ್ಲಿ. ಎಪ್ಪತ್ತು ದಾಟಿದ, ಬೆನ್ನು ನೆಟ್ಟಗಿದ್ದ, ಕೆಂಪು ಕೆನ್ನೆಯ ಒಂಟಿ ಹೆಂಗಸು. ಇಂಗ್ಲಿಷ್ ಒಂದಕ್ಷರ ಬರದು. ನಾನು ಮನೆಗೆ ಫೋನ್ ಮಾಡಿ ಹೇಳಿದ ದಿನವೇ ಅತ್ತೆಯ ಬಾಯಲ್ಲಿ ಆಕೆ 'ರೋಸ್ಲಮ್ಮ' ಆದರು. ಆಮೇಲೆ ನನಗೂ ಹಾಗೆಯೇ ರೂಢಿಯಾಯಿತು. ಎದುರಿಗೇ ಹಾಗೆ ಕರೆದಾಗ ಅವರು ಒಂದು ಕ್ಷಣ ಯೋಚಿಸಿ, ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿದರು.

ಮೊದಲ ಭಾನುವಾರ

ನಮ್ಮ ಬೀದಿಯಲ್ಲಿ ಭಾನುವಾರವೆಂದರೆ ಬಟ್ಟೆ ಒಗೆಯುವ ದಿನ. ವಾರದ ಬಟ್ಟೆಯನ್ನೆಲ್ಲ ಗುಡ್ಡೆ ಹಾಕಿ, ಕಲ್ಲಿನ ಮೇಲೆ ಬಡಿದು, ಟೆರೇಸಿನ ಹಗ್ಗಕ್ಕೆ ಏರಿಸುವವರೆಗೆ ಯಾರಿಗೂ ತಿಂಡಿ ಸಿಗುವುದಿಲ್ಲ. ಅದೇ ಅಭ್ಯಾಸದಲ್ಲಿ ಬೆಳಿಗ್ಗೆಯೇ ಎದ್ದು ರೋಸ್ಲಮ್ಮನ ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬಿ ಗುಂಡಿ ಒತ್ತಿದೆ. ಅವರು ನೈಟಿಯಲ್ಲೇ ಮೆಟ್ಟಿಲಿಳಿದು ಓಡಿಬಂದು ಪ್ಲಗ್ ಕಿತ್ತರು. ಕಿಟಕಿಯಿಂದ ಪಕ್ಕದ ಮನೆಯತ್ತ ಕೈ ತೋರಿಸಿ, ಕಿವಿ ಮುಚ್ಚಿಕೊಂಡು, ಕೈ ಮುಗಿದು, ಮತ್ತೆ ಕಿವಿ ಮುಚ್ಚಿಕೊಂಡು ವಿವರಿಸಿದರು. ಭಾನುವಾರ ಆ ಊರಿನಲ್ಲಿ ಸದ್ದು ಮಾಡಬಾರದು. ಒದ್ದೆ ಬಟ್ಟೆ ಸೋಮವಾರದವರೆಗೂ ಮೆಷಿನ್ನಿನ ಹೊಟ್ಟೆಯಲ್ಲೇ ಕುಳಿತಿತ್ತು.

ತಪ್ಪು ಮಾಡಿದವಳ ಮುಖ ಹೊತ್ತು ಊಟದ ಮೇಜಿಗೆ ಬಂದರೆ ಅಲ್ಲಿ ಒಂದು ಜಡೆ ಮಲಗಿತ್ತು. ನಿಜವಾಗಿಯೂ ಜಡೆಯೇ. ಮೇಲೆ ದಪ್ಪ, ಕೆಳಕ್ಕೆ ಬರುತ್ತಾ ಸಣ್ಣ, ಎಳೆಗಳು ಒಂದರ ಮೇಲೊಂದು ಹಾಯ್ದು, ಹೊಸದಾಗಿ ಉಜ್ಜಿದ ಹಿತ್ತಾಳೆ ಚೊಂಬಿನಂತೆ ಹೊಳೆಯುತ್ತಿತ್ತು. "ತ್ಸುಪ್ಫೆ" ಎಂದರು ರೋಸ್ಲಮ್ಮ. ಆ ಕಣಿವೆಯ ಮಾತಿನಲ್ಲಿ ಅದರ ಅರ್ಥವೂ ಜಡೆಯೇ ಎಂದು ಆಮೇಲೆ ಊಲಿ ಹೇಳಿದ. ಶನಿವಾರ ಮನೆಯಲ್ಲೇ ಬೇಯಿಸಿ ಭಾನುವಾರ ಬೆಳಿಗ್ಗೆ ತಿನ್ನುವ ಬೆಣ್ಣೆ ಬ್ರೆಡ್ಡು ಅದು. ನಮ್ಮಲ್ಲಿ ಜ್ವರ ಬಂದವರಿಗೆ ಕೊಡುವ ಬ್ರೆಡ್ಡಿಗೂ ಅದಕ್ಕೂ ಹೆಸರೊಂದು ಬಿಟ್ಟರೆ ಸಂಬಂಧವಿಲ್ಲ. ಕೈಯಲ್ಲಿ ಎಳೆದರೆ ನೂಲು ನೂಲಾಗಿ ಬಿಡಿಸಿಕೊಳ್ಳುತ್ತಿತ್ತು. ಬೆಣ್ಣೆ ಒಳಗೂ ಇತ್ತು, ಮೇಲೆ ಹಚ್ಚಿಕೊಳ್ಳಲು ಬಟ್ಟಲಿನಲ್ಲೂ ಇತ್ತು.

ಬರೀ ಬ್ರೆಡ್ಡು, ಸೇಫು ಎಂದುಕೊಂಡು ಹೊಟ್ಟೆ ತುಂಬ ತಿಂದೆ. ತಿಂದ ಮೇಲೆ, ಈ ಹೊಳಪು ಹೇಗೆ ಬರುತ್ತದೆ ಎಂದು ಸನ್ನೆಯಲ್ಲಿ ಕೇಳಿದೆ. ರೋಸ್ಲಮ್ಮ ಸಂತೋಷದಿಂದ ಫ್ರಿಜ್ ತೆರೆದು ಒಂದು ಮೊಟ್ಟೆ ಎತ್ತಿ ತೋರಿಸಿದರು.

ನನ್ನ ಮುಖ ನೋಡಿ ಅವರಿಗೆ ಗಾಬರಿಯಾಗಿರಬೇಕು. ಊಲಿಗೆ ಫೋನ್ ಹೋಯಿತು. ಆತ ನನ್ನ ಹತ್ತಿರ ಕೇಳಿ, ದೊಡ್ಡಮ್ಮನಿಗೆ ಹೇಳಿ, ಅವರು ಕೇಳಿದ್ದನ್ನು ಮತ್ತೆ ನನಗೆ ಹೇಳಿದ. "ಮೊಟ್ಟೆ ಮಾಂಸ ಅಲ್ವಲ್ಲ ಅಂತಿದ್ದಾರೆ. ಅಲರ್ಜಿನಾ ಅಂತ ಕೇಳ್ತಿದ್ದಾರೆ." ಅಲರ್ಜಿ ಅಲ್ಲ, ಅತ್ತೆ ಎಂದೆ. ಅದನ್ನು ಆತ ಹೇಗೆ ಅನುವಾದಿಸಿದನೋ, ರೋಸ್ಲಮ್ಮ ಗಂಭೀರವಾಗಿ ತಲೆಯಾಡಿಸಿದರು. ಆಕೆಗೂ ಒಂದು ಕಾಲದಲ್ಲಿ ಅತ್ತೆ ಇದ್ದಿರಬೇಕಲ್ಲ. ಹೊಟ್ಟೆಗೆ ಹೋದದ್ದನ್ನು ವಾಪಸ್ ಕರೆಯಲಾಗದು ಎಂದು ನಾನೂ ಸುಮ್ಮನಾದೆ. ಮುಂದಿನ ಶನಿವಾರದಿಂದ ದೊಡ್ಡ ಜಡೆಯ ಪಕ್ಕದಲ್ಲಿ, ಬರೀ ಹಾಲು ಸವರಿದ ಒಂದು ಸಣ್ಣ, ಪೇಲವ ಜಡೆ ನನಗಾಗಿ ಬೇಯತೊಡಗಿತು.

ಅದರ ಋಣಕ್ಕೆಂದು ಶನಿವಾರಗಳಲ್ಲಿ ಅವರ ಕೈಕೆಳಗೆ ನಿಂತು ನೋಡತೊಡಗಿದೆ. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸ ಬಿಡದ ನಾನು ಅಡುಗೆಮನೆಯಲ್ಲಿ ಎಂದೂ ಏನನ್ನೂ ಅಳೆದವಳಲ್ಲ. ಇವರು ಉಪ್ಪನ್ನೂ ತೂಗುತ್ತಿದ್ದರು. ಹಿಟ್ಟು, ಹಾಲು, ಬೆಣ್ಣೆ, ಈಸ್ಟು, ಚಿಟಿಕೆ ಸಕ್ಕರೆ, ಎಲ್ಲಕ್ಕೂ ತಕ್ಕಡಿ. ಆಮೇಲೆ ನಾದುವುದು, ನಾದುವುದು, ನಾದುವುದು. ಚಪಾತಿ ಹಿಟ್ಟು ಕಲಸಿ ಮುಚ್ಚಿಡುವಷ್ಟು ಹೊತ್ತಿಗೆ ಇವರ ನಾದುವಿಕೆ ಇನ್ನೂ ಆರಂಭವಾಗಿರುತ್ತಿತ್ತು ಅಷ್ಟೆ.

ಚೆರ್ರಿ ಮರದ ಕೆಳಗೆ

ಆಗಸ್ಟ್ ಒಂದು ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಹಬ್ಬ. ನಮ್ಮ ಆಗಸ್ಟ್ ಹದಿನೈದರಂತೆ ಧ್ವಜ ಹಾರಿಸಿ ಬೂಂದಿ ಹಂಚಿ ಮುಗಿಸುವುದಲ್ಲ. ಅಲ್ಲಿನ ಹಳ್ಳಿಗಳಲ್ಲಿ ರೈತರು ತಮ್ಮ ಕೊಟ್ಟಿಗೆ, ಅಂಗಳಗಳಲ್ಲೇ ಉದ್ದುದ್ದ ಮೇಜು ಹಾಕಿ ಪೇಟೆಯಿಂದ ಬಂದವರಿಗೆಲ್ಲ ಬೆಳಗಿನ ಊಟ ಬಡಿಸುತ್ತಾರೆ. ಊಲಿಯ ಮನೆಯಲ್ಲೂ ವರ್ಷವರ್ಷ ಅದು ನಡೆಯುತ್ತಿತ್ತು. ಬೆಣ್ಣೆ, ಚೀಸು ಅವರ ಮನೆಯದು. ತ್ಸುಪ್ಫೆ ಮಾತ್ರ ರೋಸ್ಲಮ್ಮನದು. ಅಷ್ಟೂ ಜನಕ್ಕೆ ಅವರೊಬ್ಬರೇ ಮಾಡುತ್ತಿದ್ದರು.

ಹಬ್ಬಕ್ಕೆ ಇನ್ನೇನು ಕೆಲವೇ ದಿನವಿದೆ ಎನ್ನುವಾಗ ಅವರು ಚೆರ್ರಿ ಕೀಳಲು ಏಣಿ ಹತ್ತಿ ಬಿದ್ದರು. ನಾನು ಕೆಲಸದಿಂದ ಬಂದಾಗ ಬಲಗೈಗೆ ಮೊಣಕೈವರೆಗೆ ಬಿಳಿ ಪ್ಲಾಸ್ಟರು. ಮೇಜಿನ ಎದುರು ಊಲಿ ತಲೆ ಬಗ್ಗಿಸಿ ಕುಳಿತಿದ್ದ. ರೋಸ್ಲಮ್ಮ ಎಡಗೈಯಲ್ಲಿ ಮೇಜು ಗುದ್ದಿ ಮಾತಾಡುತ್ತಿದ್ದರು.

"ಏನಾಯ್ತು?" ಎಂದು ಊಲಿಯನ್ನು ಕೇಳಿದೆ.

"ಈ ವರ್ಷ ಅಂಗಡಿಯಿಂದ ಬ್ರೆಡ್ ತರಿಸ್ತೀನಿ, ನೀವು ರೆಸ್ಟ್ ತಗೊಳ್ಳಿ ಅಂದೆ," ಎಂದ. "ಅದಕ್ಕೆ ಬೈತಿದ್ದಾರೆ."

"ಏನಂತ?"

ಊಲಿ ಒಂದೊಂದಾಗಿ ಅನುವಾದಿಸಿದ. "ಈ ವರ್ಷ ಅಂಗಡಿಯದು ಬಂದ್ರೆ ಮುಂದಿನ ವರ್ಷವೂ ಅದೇ ಬರುತ್ತೆ. ಆಮೇಲೆ ನನ್ನನ್ನು ಒಂದು ಕುರ್ಚಿ ಹಾಕಿ ಮೂಲೆಯಲ್ಲಿ ಕೂರಿಸ್ತೀರ. ಕಾಫಿ ಕುಡೀತೀರಾ ದೊಡ್ಡಮ್ಮ ಅಂತ ಕೇಳ್ತೀರ. ಅಷ್ಟೇ ನಾನು ಅಂತಾರೆ."

ರೋಸ್ಲಮ್ಮ ಅಷ್ಟರಲ್ಲಿ ನನ್ನ ಕಡೆ ತಿರುಗಿದ್ದರು. ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ. ಹೆಗಲ ಮೇಲಿಂದ ಮುಂದೆ ಬಿದ್ದಿದ್ದ ನನ್ನ ಜಡೆಯನ್ನು, ಆಮೇಲೆ ನನ್ನ ಎರಡು ಕೈಗಳನ್ನು. ಊಲಿಗೆ ಏನೋ ಹೇಳಿದರು. ಊಲಿ ನಕ್ಕುಬಿಟ್ಟ.

"ನಿಮ್ಮ ಕೈ ಎರಡೂ ಸರಿಯಾಗಿದೆಯಾ ಅಂತ ಕೇಳ್ತಿದ್ದಾರೆ."

ನಾನು ಬಂದದ್ದು ಮೆಷಿನ್ ಪರೀಕ್ಷೆಗೆ. ಬೇಕಾದರೆ ಇಲ್ಲ ಎನ್ನಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಕೆಲಸ ಬಿಟ್ಟ ಮೇಲೆ ಗಂಡ ಮಿಕ್ಸಿಯನ್ನು ಯಾಕೆ ಬಿಚ್ಚಿ ಕೂರುತ್ತಿದ್ದರು ಎಂಬುದು ನನಗೆ ಆ ಪ್ಲಾಸ್ಟರ್ ಹಾಕಿದ ಕೈಯ ಎದುರು ನಿಂತಾಗ ಮೊದಲ ಸಲ ಹೊಳೆಯಿತು. "ಮಾಡ್ತೀನಿ ರೋಸ್ಲಮ್ಮ, ಏನೀಗ" ಎಂದು ಕನ್ನಡದಲ್ಲೇ ಹೇಳಿದೆ. ಅವರಿಗೆ ಅನುವಾದ ಬೇಕಾಗಲಿಲ್ಲ.

ಹಿಟ್ಟಿನ ದಿನ

ಹಬ್ಬದ ಹಿಂದಿನ ದಿನ ಕಾರ್ಖಾನೆಗೆ ರಜೆ ಹಾಕಿ, ಬೆಳಕು ಹರಿಯುತ್ತಲೇ ಊಲಿಯ ತೋಟದ ಬ್ರೆಡ್ ಮನೆಗೆ ಹೋದೆವು. ಅಲ್ಲಿನ ಹಳೆಯ ತೋಟಗಳಲ್ಲಿ ಮನೆಯಿಂದ ದೂರದಲ್ಲಿ ಒಂದು ಪುಟ್ಟ ಕಟ್ಟಡವಿರುತ್ತದೆ. ಒಳಗೆ ಕಲ್ಲಿನ ದೊಡ್ಡ ಒಲೆ. ಸೌದೆ ಉರಿಸಿ, ಕೆಂಡ ಗುಡಿಸಿ, ಕಲ್ಲಿನ ಕಾವಿನಲ್ಲೇ ಬೇಯಿಸುವುದು.

ಮೊದಲ ಗಂಟೆಯಲ್ಲೇ ನನ್ನ ಸೊಂಟ ಹಿಡಿಯಿತು. ರೋಸ್ಲಮ್ಮ ಸ್ಟೂಲಿನ ಮೇಲೆ ಕುಳಿತು, ಕೋಲಿನ ಬದಲು ಮರದ ಸೌಟು ಹಿಡಿದು ಮೇಲ್ವಿಚಾರಣೆ ಮಾಡಿದರು. ಅವರ ಮಾತು ಅವರ ಭಾಷೆಯಲ್ಲಿ, ನನ್ನ ಗೊಣಗಾಟ ನನ್ನ ಭಾಷೆಯಲ್ಲಿ. ನಾನು ನಿಲ್ಲಿಸಿದರೆ "ನೈ". ನಾದಿದ ಮುದ್ದೆ ಕೊಯ್ದು ನೋಡಿ, ಒಳಗೆ ಸಣ್ಣ ಸಣ್ಣ ತೂತು ಕಾಣದಿದ್ದರೆ ಮತ್ತೆ "ನೈ". ಕೊನೆಗೊಮ್ಮೆ ಮುದ್ದೆಯನ್ನು ಎಡಗೈ ಬೆರಳಿನಿಂದ ಒತ್ತಿ, ಅದು ಮೆಲ್ಲನೆ ಮೇಲೆದ್ದಾಗ ನನ್ನ ಕೆನ್ನೆಯನ್ನೂ ಅದೇ ಬೆರಳಿನಿಂದ ಒತ್ತಿದರು. ಎರಡೂ ಒಂದೇ ಹದಕ್ಕಿವೆ ಎಂಬ ಅರ್ಥವಿರಬೇಕು.

ಉಬ್ಬಿದ ಹಿಟ್ಟನ್ನು ಹೆಣೆಯುವುದು ನನಗೆ ಸುಲಭ ಎಂದುಕೊಂಡಿದ್ದೆ. ಮೂರು ಎಳೆ ಮಾಡಿಕೊಂಡು, ಬಾಲ್ಯದಿಂದ ಹಾಕುತ್ತಾ ಬಂದ ಜಡೆಯನ್ನೇ ಹಾಕಿದೆ. ರೋಸ್ಲಮ್ಮ ಅದನ್ನು ನೋಡಿ, ಸೌಟಿನಿಂದಲೇ ಬಿಚ್ಚಿ ಹಾಕಿದರು. ಅವರದು ಎರಡೇ ಎಳೆ. ಉದ್ದನೆಯ ಎರಡು ಎಳೆಗಳನ್ನು ಒಂದರ ಮೇಲೊಂದು ಅಡ್ಡ ಇಡಬೇಕು. ಕೆಳಗಿನದರ ಎರಡು ತುದಿಗಳನ್ನು ಎತ್ತಿ, ಮೇಲಿನದರ ಮೇಲೆ ಹಾಯಿಸಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಡಬೇಕು. ಆಮೇಲೆ ಇನ್ನೊಂದರ ತುದಿಗಳು. ಹೀಗೆ ಕಟ್ಟುತ್ತಾ ಹೋದರೆ ಅದು ಸಣ್ಣ ಗೋಪುರದಂತೆ ಎದ್ದು ನಿಲ್ಲುತ್ತದೆ. ಕೊನೆಗೆ ತುದಿ ಒತ್ತಿ ಪಕ್ಕಕ್ಕೆ ಮಲಗಿಸಿದರೆ ಜಡೆ.

ನನ್ನ ಮೊದಲ ಗೋಪುರ ಕುಸಿಯಿತು. ಎರಡನೆಯದು ಮುಂಗುಸಿ ಹೊಕ್ಕ ಹಾವಿನ ಹುತ್ತದಂತಿತ್ತು. ಆಮೇಲೆ ಯಾವಾಗಲೋ ಬೆರಳುಗಳು ತಮ್ಮಷ್ಟಕ್ಕೆ ದಾರಿ ಹಿಡಿದವು. ಹೆಣೆದದ್ದನ್ನು ಇಡಲು ಜಾಗ ಸಾಲದೆ ಇಸ್ತ್ರಿ ಮೇಜು, ಬೆಂಚು, ಬಾಗಿಲ ಹಲಗೆ ಎಲ್ಲ ತುಂಬಿ, ಕೊನೆಗೆ ಊಲಿಯ ಮನೆಯ ಮಂಚದ ಮೇಲೂ ಬಟ್ಟೆ ಹಾಸಿ ಸಾಲಾಗಿ ಮಲಗಿಸಿ, ಮೇಲೆ ಚಾದರ ಹೊದಿಸಿದೆವು. ಮದುವೆ ಮನೆಯಲ್ಲಿ ಮಕ್ಕಳನ್ನು ಮಲಗಿಸಿದಂತಿತ್ತು.

ಮಧ್ಯಾಹ್ನದ ಹೊತ್ತಿಗೆ ಒಲೆ ಕಾದು, ಬೆಂದ ಜಡೆಗಳು ಒಂದೊಂದೇ ಹೊರಬಂದವು. ಒಂದು ಕಂತು ಬೆಂದು, ಇನ್ನೊಂದು ಕಂತು ಒಲೆಗೆ ಹೋದ ಮೇಲೆ ಪಾತ್ರೆ ಒರೆಸುವ ಬಟ್ಟೆಗೆಂದು ಕಪಾಟಿನತ್ತ ಕೈ ಚಾಚಿದೆ. ಅಲ್ಲಿ ಒಂದು ಲೋಟ ಇತ್ತು. ಲೋಟದಲ್ಲಿ ಆ ಎರಡನೇ ಕಂತಿಗೆಂದು ನಾನೇ ತಕ್ಕಡಿಯಲ್ಲಿಟ್ಟು ಸರಿಯಾಗಿ ತೂಗಿದ ಉಪ್ಪು ಹಾಗೇ ಇತ್ತು.

ಅಂದರೆ ಒಲೆಯೊಳಗೆ ಬೇಯುತ್ತಿದ್ದ ಇಡೀ ಕಂತಿಗೆ ಉಪ್ಪೇ ಬಿದ್ದಿರಲಿಲ್ಲ.

ಗೇರ್ ಕೆಟ್ಟರೆ ಫೇಲ್ ಚೀಟಿ ಅಂಟಿಸಿ ಪಕ್ಕಕ್ಕಿಡಬಹುದು. ಇಲ್ಲಿ ನಾಳೆ ಬೆಳಿಗ್ಗೆ ಜನ ಬರುತ್ತಾರೆ. ಲೋಟವನ್ನು ತಂದು ರೋಸ್ಲಮ್ಮನ ಮುಂದೆ ಹಿಡಿದೆ. ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು. ಅವರು ಲೋಟ ನೋಡಿದರು, ಒಲೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಭುಜ ಕುಣಿಯುವಂತೆ ನಗತೊಡಗಿದರು. ಪ್ಲಾಸ್ಟರಿನ ಕೈ ನೋಯುತ್ತಿತ್ತೇನೋ, "ಅಯ್ ಅಯ್" ಎನ್ನುತ್ತಲೇ ನಕ್ಕರು. ಊಲಿಯನ್ನು ಕೂಗಿ ಕರೆದು ಏನೋ ಹೇಳಿದರು.

"ಮದುವೆಯಾದ ವರ್ಷ ಅವರೂ ಇದನ್ನೇ ಮಾಡಿದ್ರಂತೆ," ಎಂದ ಊಲಿ. "ಅವರತ್ತೆ ಒಂದು ವಾರ ಮಾತು ಬಿಟ್ಟಿದ್ರಂತೆ. ಈಗ ಬೆಣ್ಣೆ ತಗೊಂಡು ಬಾ ಅಂತಿದ್ದಾರೆ. ಎಲ್ಲಾ ಬೆಣ್ಣೆ."

ಆ ಉಪ್ಪನ್ನೆಲ್ಲ ಬೆಣ್ಣೆಗೆ ಕಲಸಿದೆವು. ಸಪ್ಪೆ ಬ್ರೆಡ್ಡಿನ ಪಕ್ಕ ಉಪ್ಪು ಬೆಣ್ಣೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಟ್ಟಲು ತುಂಬುತ್ತಿದ್ದಾಗ ನನಗೂ ಧೈರ್ಯ ಬಂದು, ನನ್ನ ಕೋಣೆಗೆ ಓಡಿಹೋಗಿ ಅತ್ತೆಯ ಚಟ್ನಿಪುಡಿ ಡಬ್ಬಿ ತಂದು ಒಂದು ಬಟ್ಟಲಿಗೆ ಅದನ್ನೂ ಬೆರೆಸಿದೆ. ರೋಸ್ಲಮ್ಮ ಮೂಸಿ ನೋಡಿ ಸೀನಿದರು. ಬೇಡ ಎನ್ನಲಿಲ್ಲ.

ಆಗಸ್ಟ್ ಒಂದು

ಅಂಗಳದ ತುಂಬ ಜನ. ಅಷ್ಟು ಮಂದಿ ಅಷ್ಟು ಕಡಿಮೆ ಸದ್ದು ಮಾಡಿ ಊಟ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರೂ ನುಗ್ಗಲಿಲ್ಲ, ಯಾರೂ ಕುರ್ಚಿಯ ಹಿಂದೆ ನಿಂತು ಎದ್ದೇಳುವುದನ್ನು ಕಾಯಲಿಲ್ಲ. ನಮ್ಮ ಛತ್ರಗಳನ್ನು ನೆನೆದು ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಬೇಜಾರೂ ಆಯಿತು. ಒತ್ತಾಯ ಮಾಡಿ ಬಡಿಸುವವರೇ ಇಲ್ಲ! ಬೇಕಾದವರು ತಾವೇ ಕೊಯ್ದುಕೊಳ್ಳಬೇಕು. ನಾನು ತಡೆಯಲಾರದೆ ಒಂದಿಬ್ಬರ ತಟ್ಟೆಗೆ ಕೇಳದೆಯೇ ತುಂಡು ಹಾಕಿದೆ. ಅವರು ಗಾಬರಿಯಿಂದ ಧನ್ಯವಾದ ಹೇಳಿದರು.

ಚಟ್ನಿಪುಡಿ ಬೆಣ್ಣೆಯ ಬಳಿ ನಡೆದದ್ದು ಬೇರೆಯೇ ಕಥೆ. ಮೊದಲು ಹಚ್ಚಿಕೊಂಡ ಹೆಂಗಸು ಒಂದು ಕಚ್ಚು ಕಚ್ಚಿ ಹಾಲಿನ ಜಗ್ಗಿಗೆ ಓಡಿದರು. ಹುಡುಗರು ಪಂಥ ಕಟ್ಟಿ ನಾಲಿಗೆ ಚಾಚಿ ಕುಣಿದರು. ಉದ್ದನೆಯ ಮರದ ಕಹಳೆ ಊದಲು ಬಂದಿದ್ದ ಗಡ್ಡದ ಮುದುಕರೊಬ್ಬರು ಮಾತ್ರ ಕುಳಿತಲ್ಲಿಂದ ಏಳದೆ, ಬೆವರು ಒರೆಸಿಕೊಳ್ಳುತ್ತಾ, ಮೂಗು ಸೀಟಿಕೊಳ್ಳುತ್ತಾ, ಬಟ್ಟಲು ಬಳಿದು ಮುಗಿಸಿದರು. ಆಮೇಲೆ ಅವರು ಊದಿದ ಕಹಳೆ ಬೆಟ್ಟದಾಚೆಗೂ ಕೇಳಿತಂತೆ.

ಸಪ್ಪೆ ಬ್ರೆಡ್ಡು ಯಾರಿಗೂ ಗೊತ್ತಾಗಲಿಲ್ಲ, ಒಬ್ಬರ ಹೊರತು. ವಾಷಿಂಗ್ ಮೆಷಿನ್ ಪ್ರಕರಣದ ದಿನ ರೋಸ್ಲಮ್ಮ ಕೈ ತೋರಿಸಿದ್ದ ಪಕ್ಕದ ಮನೆಯ ಹೆಂಗಸು, ಬೆಣ್ಣೆಯಿಲ್ಲದೆ ಒಂದು ಚೂರು ಬಾಯಿಗೆ ಹಾಕಿಕೊಂಡು, ರೋಸ್ಲಮ್ಮನತ್ತ ಹುಬ್ಬೇರಿಸಿ ನೋಡಿದರು. ರೋಸ್ಲಮ್ಮ ಅಷ್ಟೇ ನೆಟ್ಟಗೆ ವಾಪಸ್ ನೋಡಿದರು. ಆ ಹೆಂಗಸು ಬೆಣ್ಣೆಯ ಬಟ್ಟಲಿಗೆ ಕೈ ಚಾಚಿದರು.

ಅಂದು ಊಲಿ ದೊಡ್ಡಮ್ಮನಿಗಾಗಿ ಒಂದು ಕುರ್ಚಿ ಹಾಕಿಸಿದ್ದ. ಅದರಲ್ಲಿ ಅವರ ಕೋಟು ಕುಳಿತಿತ್ತು. ಅವರು ಮೇಜಿನಿಂದ ಮೇಜಿಗೆ ನಡೆಯುತ್ತಾ, ಒಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು ಹೋಗಿ, ಎಲ್ಲರಿಗೂ ನನ್ನ ಎರಡು ಕೈಗಳನ್ನು ಎತ್ತಿ ತೋರಿಸಿದರು.

ಮತ್ತೆ ಬೆಂಗಳೂರು

ಮೆಷಿನ್ ಪಾಸಾಯಿತು. ಹೊರಡುವ ದಿನ ರೋಸ್ಲಮ್ಮ ಎಡಗೈಯಲ್ಲೇ ಕಟ್ಟಿದ ಒಂದು ಪೊಟ್ಟಣ ಕೊಟ್ಟರು. ಅವರೂರಿನ ಹಿಟ್ಟು. ಬಾಗಿಲಲ್ಲಿ ಇಬ್ಬರೂ ಬಹಳ ಹೊತ್ತು ಏನೇನೋ ಹೇಳಿಕೊಂಡೆವು.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನನ್ನ ಸೂಟ್‌ಕೇಸ್ ಬಿಚ್ಚಿಸಿ ಆ ಪೊಟ್ಟಣ ಎತ್ತಿ ಹಿಡಿದರು.

"ಏನ್ ಮೇಡಂ ಇದು, ಬಿಳೀ ಪೌಡರ್ರು?"

"ಮೈದಾ ಸಾರ್."

"ಸ್ವಿಟ್ಜರ್ಲೆಂಡಿಂದ ಮೈದಾ ತಂದ್ರಾ? ಎಲ್ರೂ ಚಾಕ್ಲೇಟ್ ತರ್ತಾರೆ ಕಣ್ರೀ."

"ಬ್ರೆಡ್ ಮಾಡೋಕೆ ಸಾರ್. ಜಡೆ ತರ ಹೆಣೆಯೋದು." ಕೈಯಲ್ಲಿ ಹೆಣೆದು ತೋರಿಸಿದೆ. ಅವರು ನನ್ನನ್ನೂ ಪೊಟ್ಟಣವನ್ನೂ ಒಂದೆರಡು ಸಲ ನೋಡಿ, ಮೂಸಿ, ಪಕ್ಕದವರಿಗೂ ಮೂಸಲು ಕೊಟ್ಟು, "ಹೋಗಿ ಮೇಡಂ, ಹೋಗಿ" ಎಂದರು.

ಆ ಹಿಟ್ಟನ್ನು ನಾನು ಮೊದಲ ವಾರವೇ ಹಾಳು ಮಾಡಿದೆ. ಗಂಡ ಉತ್ಸಾಹದಿಂದ ಒಂದು ಕರೆಂಟ್ ಓವನ್ ತಂದಿದ್ದರು. ಎಮೆಂಟಾಲಿನ ತಣ್ಣನೆ ಅಡುಗೆಮನೆಯ ಲೆಕ್ಕದಲ್ಲಿ ಹಿಟ್ಟನ್ನು ಮುಚ್ಚಿಟ್ಟು ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅದು ಪಾತ್ರೆಯಿಂದ ಉಕ್ಕಿ ಕಟ್ಟೆಗೆ ಇಳಿದಿತ್ತು. ಬೆಂದು ಬಂದದ್ದು ಹರಡಿ ಚಪ್ಪಟೆಯಾಗಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಜಡೆ ಅಲ್ಲ ವಸಂತಾ. ತಲೆಗೆ ಸ್ನಾನ ಮಾಡಿ ಕೂದಲು ಹರಡ್ಕೊಂಡಂಗಿದೆ."

ರಾಜಗೋಪಾಲನಗರದಲ್ಲಿ ಒಂದು ಭಾನುವಾರ

ಚಳಿಗಾಲದಲ್ಲಿ ಮೆಷಿನ್ ಬಂತು. ಅದನ್ನು ಕೂರಿಸಲು ಊಲಿಯೂ ಬಂದ. ಕೆಲಸ ಮುಗಿಸಿ ಬೇಗ ಹೊರಡಬೇಕೆಂದಿದ್ದವನಿಗೆ ಪೀಣ್ಯ ತನ್ನದೇ ಸ್ವಾಗತ ಕೊಟ್ಟಿತು. ನಮ್ಮ ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ಇದೆ. ಅದು ಧಡ್ ಎಂದಾಗಲೆಲ್ಲ ನಮ್ಮ ನೆಲ ಅದುರಿ, ಮೆಷಿನ್ನಿನ ಅಳತೆ ತಪ್ಪುತ್ತಿತ್ತು. ಊಲಿ ಇಡೀ ದಿನ ಹೊಂದಿಸುತ್ತಿದ್ದ, ಧಡ್ ಎನ್ನುತ್ತಿತ್ತು, ಮತ್ತೆ ಮೊದಲಿಂದ. ಇದರ ನಡುವೆ ಹೊಟ್ಟೆ ಕೆಟ್ಟು, ಗೆಸ್ಟ್ ಹೌಸಿನ ಮೊಸರನ್ನ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಆ ಎತ್ತರದ ಮನುಷ್ಯ ಮೆಟ್ಟಿಲ ಮೇಲೆ ಕುಗ್ಗಿ ಕುಳಿತಿದ್ದನ್ನು ನೋಡಿ, "ಭಾನುವಾರ ನಮ್ಮ ಮನೆಗೆ ಬನ್ನಿ" ಎಂದೆ. ಆಮೇಲೆ ಬಾಯಿ ತಪ್ಪಿ, "ತ್ಸುಪ್ಫೆ ಮಾಡ್ತೀನಿ" ಎಂದೂ ಅಂದುಬಿಟ್ಟೆ.

ಆತ ಮುಖ ಎತ್ತಿದ ರೀತಿ ನೋಡಿ ನನಗೆ ಭಯವಾಯಿತು. ಇನ್ನು ಹಿಂದೆ ಸರಿಯುವಂತಿಲ್ಲ.

ಈ ಸಲ ಹಿಟ್ಟನ್ನು ತಣ್ಣನೆ ಹಾಲಿನಲ್ಲಿ ಕಲಸಿ, ಫ್ರಿಜ್ಜಿನಲ್ಲಿಟ್ಟು, ನಿಧಾನಕ್ಕೆ ಉಬ್ಬಿಸಿದೆ. ಭಾನುವಾರ ಬೆಳಿಗ್ಗೆ ಹೆಣೆದಾಗ ಗೋಪುರ ಗಟ್ಟಿಯಾಗಿ ನಿಂತಿತು. ಹಾಲು ಸವರಿ ಓವನ್ನಿನ ಬಾಗಿಲು ತೆರೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಎಲ್ಲೋ ಕೇಬಲ್ ಸುಟ್ಟಿದೆ, ಸಂಜೆಯಾಗುತ್ತೆ ಎಂದು ಯಾರೋ ಹೇಳಿದರು.

"ಬೇಕರಿ ಮಂಜಣ್ಣಂಗೆ ಕೇಳೋಣ ನಡಿ," ಎಂದರು ಗಂಡ.

"ಜಡೆ ತಟ್ಟೆಲಿದೆ ರೀ! ಹೆಂಗೆ ತಗೊಂಡ್ಹೋಗೋದು?"

"ಸ್ಕೂಟರಲ್ಲಿ ಕಣೇ. ನೀನು ಹಿಂದೆ ಕೂತ್ಕೊಂಡು ಹಿಡ್ಕೋ. ನಾನು ನಿಧಾನಕ್ಕೆ ಬಿಡ್ತೀನಿ."

ಮೆಟ್ರೊ ಕೆಲಸಕ್ಕೆ ಅಗೆದ ರಸ್ತೆಗಳಿಂದ ಲಾರಿಗಳೆಲ್ಲ ನಮ್ಮ ಒಳರಸ್ತೆಗೆ ನುಗ್ಗುತ್ತಿದ್ದ ಕಾಲ. ಎರಡು ಕೈಯಲ್ಲೂ ತಟ್ಟೆ ಹಿಡಿದು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಹಳ್ಳ ಬಂದಾಗಲೆಲ್ಲ "ರೀ, ನಿಧಾನ ರೀ" ಎಂದು ಕೂಗುತ್ತಾ ಹೋದೆ. ಸ್ವಿಟ್ಜರ್ಲೆಂಡಿನ ಹೈಟೆಕ್ ಮೆಷಿನ್ನನ್ನು ಪೀಣ್ಯಕ್ಕೆ ತಂದ ಟ್ರಕ್ಕೂ ಅಷ್ಟು ಜಾಗ್ರತೆಯಿಂದ ಬಂದಿರಲಾರದು.

ಬಸ್ ಸ್ಟಾಪ್ ಬಳಿಯ ಬೇಕರಿಯ ಹೆಸರು ಅಯ್ಯಂಗಾರ್ ಬೇಕರಿ. ಮಂಜಣ್ಣ ಅಯ್ಯಂಗಾರರಲ್ಲ, ಹಾಸನದ ಕಡೆಯವರು. ಬಟ್ಟೆ ಸರಿಸಿ ನೋಡಿದವರೇ ಕೈ ಒರೆಸಿಕೊಂಡರು.

"ಇದೇನ್ ಮೇಡಂ, ಜಡೆ ಎಣ್ದಂಗದೆ! ಮೊಟ್ಟೆ ಹಚ್ಚಿದ್ರಾ?"

"ಇಲ್ಲ ಮಂಜಣ್ಣ, ಬರೀ ಹಾಲು."

"ಅಂಗಾರೆ ಸರಿ. ಬನ್ ಆದ್ಮೇಲೆ ಕಾವು ಇಳೀತದೆ, ಆಗ ಇಡ್ತೀನಿ. ಒಸಿ ಟೂಟಿ ಫ್ರೂಟಿ ಆಕ್ಲಾ? ಚೆಂದಾಗಿರ್ತದೆ."

"ಬೇಡ್ವೇ ಬೇಡ."

ಮಂಜಣ್ಣನಿಗೆ ಮನಸ್ಸು ತಡೆಯಲಿಲ್ಲ. ನಾವು ಟೀ ಕುಡಿಯುತ್ತಿದ್ದಾಗ ಅವರು ಏನು ಮಾಡಿದರೋ, ಬೆಂದು ಬಂದ ಜಡೆಯ ತುದಿಯಲ್ಲಿ ಹೂ ಮುಡಿಸಿದಂತೆ ಕೆಂಪು, ಹಸಿರು ಚೂರುಗಳು ಅಂಟಿದ್ದವು. ಮಿಕ್ಕಂತೆ ಅದು ಚೆನ್ನಾಗಿತ್ತು. ಎಳೆ ಎಳೆಯಾಗಿ ಉಬ್ಬಿ, ಬಣ್ಣ ಹಿಡಿದು, ಬಿಸಿ ಬೆಣ್ಣೆಯ ವಾಸನೆ ಬಿಡುತ್ತಿತ್ತು. ಅಂಗಡಿಯ ಮುಂದಿದ್ದವರೆಲ್ಲ ಎಷ್ಟು ಒಂದಕ್ಕೆ ಎಂದು ಕೇಳಿದರು.

ನಾವು ಮನೆಗೆ ಬಂದಾಗ ಊಲಿ ನಮ್ಮ ನಡುಮನೆಯಲ್ಲಿ ಮೊಣಕಾಲು ಮಡಿಸಿ ದಿವಾನದ ಮೇಲೆ ಕುಳಿತಿದ್ದ. ಅತ್ತೆ ಆತನ ಎದುರು ಕುಳಿತು, ಭಾಷೆ ಬಾರದ ಹುಡುಗನನ್ನು ಒಬ್ಬನೇ ಬಿಡಬಾರದೆಂದು ಟಿ.ವಿ.ಯಲ್ಲಿ ನಡೆಯುತ್ತಿದ್ದ ಧಾರಾವಾಹಿಯ ಕಥೆಯನ್ನು ಕನ್ನಡದಲ್ಲೇ ವಿವರಿಸುತ್ತಿದ್ದರು. ಸಂಜೆಗೆಂದಿದ್ದ ಕರೆಂಟ್ ಆಗಷ್ಟೇ ಬಂದಿತ್ತು.

ತಟ್ಟೆ ಇಟ್ಟೆ. ಆತ ಮೊದಲು ಟೂಟಿ ಫ್ರೂಟಿ ನೋಡಿದ. ಒಂದು ತುಂಡು ಎಳೆದು ಬಿಡಿಸಿ, ಬೆಣ್ಣೆಯಿಲ್ಲದೆ ಬಾಯಿಗಿಟ್ಟುಕೊಂಡ. ತುಂಬ ನಿಧಾನವಾಗಿ ಅಗಿದ. ನಾನು ಎಷ್ಟೋ ಗೇರ್‌ಗಳಿಗೆ ತೀರ್ಪು ಹೇಳಿದವಳು, ನನ್ನ ಸಲುವಾಗಿ ಒಂದು ತೀರ್ಪಿಗೆ ಹೀಗೆ ಕಾದು ನಿಂತಿರಲಿಲ್ಲ.

"ಉಪ್ಪು ಇದೆ," ಎಂದ. ಆಮೇಲೆ ಇನ್ನೊಂದು ತುಂಡು ತಿಂದು, "ಆದ್ರೆ ಏನೋ ಬೇರೆ ವಾಸನೆ. ನಮ್ಮೂರಿನದರಲ್ಲಿ ಇರಲ್ಲ" ಎಂದ.

ಯೋಚಿಸಿದೆ. ಫ್ರಿಜ್ಜಿನಲ್ಲಿ ಹಿಟ್ಟಿನ ಪಕ್ಕದಲ್ಲೇ ಮಾವಿನ ಉಪ್ಪಿನಕಾಯಿ ಜಾಡಿ ಇತ್ತು. ಅದರ ಇಂಗು.

"ಏನಂತೆ?" ಎಂದು ಅತ್ತೆ ಕೇಳಿದರು.

"ಅವರೂರಿನ ತರ ಇಲ್ವಂತೆ ಅತ್ತೆ."

"ಅವರೂರಿನ ತರ ಹೆಂಗಾಗುತ್ತೆ? ಹಾಲು ನಮ್ದು, ಒಲೆ ಮಂಜಣ್ಣಂದು. ತಿಂತಿದಾನೋ ಇಲ್ವೋ ಅದು ಹೇಳು."

ತಿನ್ನುತ್ತಿದ್ದ. ಗಂಡ ಕಾಫಿ ತಂದುಕೊಟ್ಟರು. ಅತ್ತೆ ತಮ್ಮ ಪಾಲಿನ ತುಂಡನ್ನು ಲೋಟದ ಕಾಫಿಯಲ್ಲಿ ಅದ್ದಿ ತಿಂದು, ಮೊಟ್ಟೆ ಇಲ್ಲ ಎಂದು ಮತ್ತೊಮ್ಮೆ ನನ್ನಿಂದ ಖಾತ್ರಿ ಮಾಡಿಕೊಂಡು, ಎರಡನೆಯ ತುಂಡಿಗೆ ಕೈ ಹಾಕಿದರು. ಊಲಿ ಅದನ್ನು ನೋಡಿ ತಾನೂ ಅದ್ದಿಕೊಂಡ. ಜಡೆ ಅರ್ಧಕ್ಕಿಂತ ಹೆಚ್ಚು ಆತನೊಬ್ಬನ ಹೊಟ್ಟೆಗೇ ಹೋಯಿತು.

ಪ್ರೆಸ್ಸಿನ ತಕರಾರು ಮುಂದೆ ಬಗೆಹರಿಯಿತು. ಮೆಷಿನ್ನಿನ ಕೆಳಗೆ ಆಳಕ್ಕೆ ಅಗೆದು, ದಪ್ಪ ರಬ್ಬರ್ ಹಾಕಿ, ಬೇರೆಯೇ ಬುನಾದಿ ಕಟ್ಟಿದರು. ಅದೆಲ್ಲ ಮಾಮೂಲಿ ಕೆಲಸ. ನನಗೆ ನೆನಪಿರುವುದು ಆ ಮಧ್ಯಾಹ್ನ. ನಾನು ತಟ್ಟೆ ತೊಳೆದು ನಡುಮನೆಗೆ ಬಂದಾಗ, ಊಲಿ ಕುಳಿತಲ್ಲೇ ಪಕ್ಕಕ್ಕೆ ವಾಲಿ, ಶರ್ಟಿನ ಮೇಲೆ ಬ್ರೆಡ್ಡಿನ ಪುಡಿ ಚೆಲ್ಲಿಕೊಂಡು, ಗಾಢವಾಗಿ ನಿದ್ದೆ ಹೋಗಿದ್ದ. ದಿವಾನ ಸಾಲದೆ ಕಾಲು ಬಾಗಿಲವರೆಗೆ ಚಾಚಿತ್ತು. ಅತ್ತೆ ರಿಮೋಟ್ ಹುಡುಕಿ, ತಮ್ಮ ಧಾರಾವಾಹಿಯ ದನಿಯನ್ನು ಪೂರ್ತಿ ಇಳಿಸಿ, ಬರೀ ಚಿತ್ರ ನೋಡುತ್ತಾ ಕುಳಿತಿದ್ದರು. ನನ್ನನ್ನು ಕಂಡು ಬಾಯಿಗೆ ಬೆರಳಿಟ್ಟು, ಆ ಕಾಲುಗಳನ್ನು ದಾಟಿ ಹೋಗುವಂತೆ ಕಣ್ಣಲ್ಲೇ ಹೇಳಿದರು.